ಎರೆಮಣ್ಣಿನ ಜೇಡಿ ಮತ್ತು ಕೊಳೆಯುವ ಪ್ಲಾಸ್ಟಿಕ್: ಖರೀದಿಗೆ ಮುನ್ನ ಸದಸ್ಯರು ತಿಳಿಯಬೇಕಾದುದು

ಕುಕನೂರು ತಾಲ್ಲೂಕಿನ ಎರೆಭೂಮಿಯು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಆಳವಾಗಿ ಬಿರುಕು ಬಿಡುತ್ತದೆ. ಆ ಮಣ್ಣಿನಲ್ಲಿ ಹೇರಳವಾಗಿರುವ ಸ್ಮೆಕ್ಟೈಟ್ ವರ್ಗದ ಜೇಡಿಯೇ ಇದಕ್ಕೆ ಕಾರಣ. ಅದೇ ವರ್ಗದ ಮಾಂಟ್‌ಮೊರಿಲೊನೈಟ್ ಎಂಬ ಖನಿಜವನ್ನು ಶುದ್ಧೀಕರಿಸಿ, ಕೊಳೆಯುವ ಪ್ಲಾಸ್ಟಿಕ್‌ಗಳನ್ನು ಬಲಪಡಿಸಲು ಬಳಸಬಹುದಾಗಿದೆ. ‘ಮಣ್ಣಿನಲ್ಲಿ ಕರಗುವ ಚೀಲ’ಗಳ ದರಪಟ್ಟಿಯು ಸಭೆಯ ಮುಂದೆ ಬಂದಾಗ ಸರಿಯಾದ ನಿರ್ಣಯ ಕೈಗೊಳ್ಳಲು ಈ ವಿಷಯದ ಪರಿಚಯ ಅಗತ್ಯ.

ಮಿಶ್ರಣ ಏಕೆ?

ಮೆಕ್ಕೆಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯಿಂದ ತಯಾರಾಗುವ ಪಿಎಲ್‌ಎ ಗಟ್ಟಿಯಾದರೂ ಬೇಗ ಮುರಿಯುತ್ತದೆ. ಪಿಬಿಎಟಿ ಮೃದುವಾಗಿದ್ದು ಎಳೆದರೆ ಹಿಗ್ಗುತ್ತದೆ. ಪೆಟ್ರೋಲಿಯಂ ಮೂಲದ್ದಾದರೂ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಬಲ್ಲವು. ಪಿಷ್ಟ ಅಗ್ಗ, ಆದರೆ ತೇವ ಹೀರುತ್ತದೆ. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಲು ಇವುಗಳನ್ನು ಬೆರೆಸಲಾಗುತ್ತದೆ. ಆದರೆ ಎಣ್ಣೆ ಮತ್ತು ನೀರಿನಂತೆ ಇವು ಪೂರ್ಣವಾಗಿ ಒಂದಾಗುವುದಿಲ್ಲ. ಒಂದರೊಳಗೆ ಮತ್ತೊಂದು ಹನಿಹನಿಯಾಗಿ ಉಳಿದು, ಆ ಹನಿಗಳ ಅಂಚಿನಲ್ಲಿಯೇ ಚೀಲ ಹರಿಯುತ್ತದೆ.

ಜೇಡಿ ಮಾಡುವ ಕೆಲಸ

ಈ ಜೇಡಿಯು ಪುಸ್ತಕದ ಹಾಳೆಗಳಂತೆ ಪದರಪದರವಾಗಿದೆ. ಒಂದು ಪದರದ ದಪ್ಪ ಸುಮಾರು 1 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಪದರಗಳ ನಡುವಿನ ಸೋಡಿಯಂನಿಂದಾಗಿ ಅದು ನೀರನ್ನು ಸೆಳೆಯುತ್ತದೆ, ಪ್ಲಾಸ್ಟಿಕ್‌ನೊಡನೆ ಹೊಂದುವುದಿಲ್ಲ. ಸೋಡಿಯಂ ತೆಗೆದು ಉದ್ದ ಇಂಗಾಲ ಸರಪಳಿಯುಳ್ಳ ಅಮೋನಿಯಂ ಸಂಯುಕ್ತವನ್ನು ಸೇರಿಸಿದಾಗ ಪದರಗಳು ಅಗಲಿ ಪ್ಲಾಸ್ಟಿಕ್ ಒಳನುಗ್ಗುತ್ತದೆ. ಇದೇ ‘ಮಾರ್ಪಡಿಸಿದ ಜೇಡಿ’. ಆದ್ದರಿಂದ ಹೊಲದ ಮಣ್ಣನ್ನು ನೇರವಾಗಿ ಬೆರೆಸಿದರೆ ಫಲವಿಲ್ಲ. 1980ರ ದಶಕದಲ್ಲಿ ಜಪಾನಿನ ಟೊಯೋಟಾ ಸಂಶೋಧಕರು ನೈಲಾನ್‌ನಲ್ಲಿ ಈ ವಿಧಾನವನ್ನು ಯಶಸ್ವಿಗೊಳಿಸಿದರು.

ಚದುರಿದ ಪದರಗಳು ಹನಿಗಳ ಅಂಚಿನಲ್ಲಿ ನಿಂತು, ಅವು ಮತ್ತೆ ಕೂಡಿ ದೊಡ್ಡವಾಗದಂತೆ ತಡೆಯುತ್ತವೆ. ತೇವ ಮತ್ತು ಗಾಳಿ ಅವುಗಳನ್ನು ಸುತ್ತಿ ಬಳಸಿ ಸಾಗಬೇಕಾಗುವುದರಿಂದ ಒಳಗಿನ ಪದಾರ್ಥ ಹೆಚ್ಚು ಕಾಲ ಕೆಡದೆ ಉಳಿಯುತ್ತದೆ. 100 ಕೆ.ಜಿ. ಮಿಶ್ರಣಕ್ಕೆ ಸಾಮಾನ್ಯವಾಗಿ 3ರಿಂದ 5 ಕೆ.ಜಿ. ಜೇಡಿ ಸಾಕು. ಪ್ರಮಾಣ ಮೀರಿದರೆ ಪದರಗಳು ಗಂಟುಕಟ್ಟಿ ಚೀಲ ಪೆಡಸಾಗುತ್ತದೆ.

ಕೊಳೆಯುವುದು ಯಾವಾಗ?

ಜೇಡಿಯು ನೀಡುವುದು ಬಲವನ್ನು. ಕೊಳೆಯುವ ಗುಣ ಮೂಲ ಪ್ಲಾಸ್ಟಿಕ್‌ನದು. ಸಾಮಾನ್ಯ ಪಾಲಿಥೀನ್‌ಗೆ ಎಷ್ಟೇ ಜೇಡಿ ಸೇರಿಸಿದರೂ ಅದು ಗೊಬ್ಬರವಾಗದು. ಐಎಸ್ 17088 ಮಾನದಂಡದ ಪರೀಕ್ಷೆಯು ಸುಮಾರು 58 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕಾಂಪೋಸ್ಟ್‌ನಲ್ಲಿ ನಡೆಯುತ್ತದೆ. 180 ದಿನಗಳೊಳಗೆ ಇಂಗಾಲದ ಶೇ. 90 ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಬೇಕು. ಹಳ್ಳ, ಚರಂಡಿ, ಹೊಲದ ಬದುಗಳಲ್ಲಿ ಇಂತಹ ಶಾಖ ದೊರೆಯದು. ಅಲ್ಲಿ ಎಸೆದ ಪಿಎಲ್‌ಎ ಚೀಲ ಬಹುಕಾಲ ಚೀಲವಾಗಿಯೇ ಉಳಿಯುತ್ತದೆ, ಚರಂಡಿ ಕಟ್ಟುತ್ತದೆ, ದನಕರುಗಳ ಹೊಟ್ಟೆ ಸೇರುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ರಾಜ್ಯ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮುಂತಾದವುಗಳನ್ನು ನಿಷೇಧಿಸಿದೆ. ಕೇಂದ್ರ ಸರ್ಕಾರದ ಏಕಬಳಕೆ ವಸ್ತುಗಳ ನಿಷೇಧ 2022ರ ಜುಲೈ 1ರಿಂದ ಜಾರಿಯಲ್ಲಿದೆ. ‘ಕರಗುವ ಚೀಲ’ ಎಂಬ ಮಾತ್ರಕ್ಕೆ ವಿನಾಯಿತಿ ದೊರೆಯದು.

2. ಕಾಂಪೋಸ್ಟ್ ಆಗುವ ಚೀಲವನ್ನು ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಹೊಂದಿರಬೇಕು. ಚೀಲದ ಮೇಲೆ ತಯಾರಕರ ಹೆಸರು ಮತ್ತು ಪ್ರಮಾಣಪತ್ರದ ಸಂಖ್ಯೆ ಇರಬೇಕು. ಇವೆರಡನ್ನೂ ತಾಳೆ ನೋಡದೆ ಖರೀದಿಗೆ ಠರಾವು ಮಾಡಬಾರದು.

3. ಇಂತಹ ಚೀಲಗಳನ್ನು ಹಸಿ ಕಸದೊಡನೆ ಬೇರೆಯಾಗಿ ಸಂಗ್ರಹಿಸಿ, ಶಾಖ ಏರುವಂತೆ ನಿರ್ವಹಿಸುವ ಕಾಂಪೋಸ್ಟ್ ಘಟಕಕ್ಕೆ ಕಳುಹಿಸುವ ವ್ಯವಸ್ಥೆ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಇವು ಮರುಬಳಕೆಯ ಪ್ಲಾಸ್ಟಿಕ್‌ನೊಡನೆ ಬೆರೆತರೆ ಆ ಪ್ಲಾಸ್ಟಿಕ್‌ನ ಗುಣಮಟ್ಟವೂ ಕೆಡುತ್ತದೆ.

4. ಆ ವ್ಯವಸ್ಥೆ ಇಲ್ಲದೆಡೆ ಸಂತೆ ಮತ್ತು ಜಾತ್ರೆಗಳಿಗೆ ಬಟ್ಟೆ ಚೀಲವೇ ಸೂಕ್ತ. ಅದರ ಹೊಲಿಗೆಯನ್ನು ಸ್ವಸಹಾಯ ಸಂಘಗಳಿಗೆ ವಹಿಸಿದರೆ ಹಣವೂ ಊರಿನಲ್ಲಿಯೇ ಉಳಿಯುತ್ತದೆ.