ದೆವ್ವದ ಮನೆಯ ದೇಶಾಂತರ

ಥೀಮ್ ಪಾರ್ಕ್ ಎಂಬ ವಿನೋದೋದ್ಯಾನಗಳು ಯಾವ ದೇಶದಲ್ಲಿದ್ದರೂ ಒಂದೇ ಬಗೆಯೆಂದು ನಮ್ಮಲ್ಲಿ ಅನೇಕರ ಎಣಿಕೆ. ತಿರುಗುವ ತೊಟ್ಟಿಲು, ಓಡುವ ಪುಟ್ಟ ರೈಲು ಎಲ್ಲೆಡೆಯೂ ಉಂಟು, ನಿಜ. ಆದರೆ ಡಿಸ್ನಿ ಸಂಸ್ಥೆಯ ದೆವ್ವದ ಮನೆಯೊಂದು ದೇಶಾಂತರ ಹೋದ ಬಗೆಯನ್ನು ನೋಡಿದರೆ ಈ ಎಣಿಕೆ ನಿಲ್ಲಲಾರದೆಂದು ನನಗೆ ತೋರುತ್ತದೆ.

ಮೊದಲ ಮನೆ 1969ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತೆರೆಯಿತು. ಹಳೆಯ ನ್ಯೂ ಆರ್ಲಿಯನ್ಸ್ ಪಟ್ಟಣವನ್ನು ಹೋಲುವ ಬೀದಿಯಲ್ಲಿ ಅದರ ನೆಲೆ. ಅಲ್ಲಿ 999 ದೆವ್ವಗಳು ವಾಸವಾಗಿವೆಯೆಂದೂ ಸಾವಿರನೆಯ ಸ್ಥಾನ ತೆರವಾಗಿದೆಯೆಂದೂ ನೋಡಬಂದವರಿಗೆ ಹೇಳುತ್ತಾರೆ! ಸತ್ತವರೊಡನೆ ಅಷ್ಟು ಸಲಿಗೆ. 1983ರಲ್ಲಿ ಟೋಕಿಯೋದಲ್ಲಿ ಕಟ್ಟಿದಾಗ ಅದನ್ನು ಕಿನ್ನರಕಥೆಗಳ ವಿಭಾಗಕ್ಕೆ ಸೇರಿಸಿದರು. ಪ್ಯಾರಿಸ್ಸಿನ ಬಳಿ 1992ರಲ್ಲಿ ಎದ್ದ ಮನೆಯಲ್ಲಿ ನಗೆ ಕಡಿಮೆ. ಮದುವೆಯ ದಿನವೇ ವರನನ್ನು ಕಳೆದುಕೊಂಡ ವಧುವಿನ ಶೋಕವೇ ಅದರ ಕಥೆ. (ಆ ಉದ್ಯಾನದೊಳಗೆ ಮೊದಲು ಮದ್ಯ ನಿಷಿದ್ಧ. ಊಟಕ್ಕೆ ದ್ರಾಕ್ಷಾರಸವಿಲ್ಲದೆ ಫ್ರೆಂಚರು ಸುಮ್ಮನಿದ್ದಾರೆಯೆ? 1993ರಲ್ಲಿ ನಿಯಮ ಸಡಿಲವಾಯಿತು.)

ಹಾಂಗ್‌ಕಾಂಗಿನ ಮನೆ 2013ರದು. ಅದರಲ್ಲಿ ದೆವ್ವವೇ ಇಲ್ಲ! ಪಿತೃಗಳಿಗೆ ಧೂಪ ಹಾಕಿ ಎಡೆಯಿಡುವ ಚೀನೀ ಜನಕ್ಕೆ ಸತ್ತವರನ್ನು ಕುಣಿಸಿ ನಗುವುದು ಒಗ್ಗದೆಂದು ಹೀಗೆ ಮಾಡಿದರೆಂದು ಹೇಳುವುದುಂಟು. ದೆವ್ವದ ಬದಲು ಲೋಕ ಸುತ್ತಿದ ಸಿರಿವಂತನೊಬ್ಬ, ಅವನ ಸಾಕು ಕೋತಿ. ಯಜಮಾನನು ತಂದಿಟ್ಟ ಮಾಯೆಯ ಸಂಗೀತಪೆಟ್ಟಿಗೆಯನ್ನು ಕೋತಿ ತೆರೆದೊಡನೆ, ಮನೆಯಲ್ಲಿ ಕೂಡಿಟ್ಟ ನಾನಾ ದೇಶಗಳ ವಸ್ತುಗಳಿಗೆಲ್ಲ ಜೀವ ಬರುತ್ತದೆ. ಇವುಗಳಲ್ಲೆಲ್ಲ ನನ್ನ ಮೆಚ್ಚಿಕೆ ಇದಕ್ಕೇ. ಕೋತಿ ಪೆಟ್ಟಿಗೆಯನ್ನು ಮುಚ್ಚುವವರೆಗೂ ಗದ್ದಲವೋ ಗದ್ದಲ!