ಬಾಗಿಲು ತೆರೆಸಿದ ಸಿನಿಮಾ

ಪುಣೆ: ಮನೆಯವರಿಗೆ ಸಕ್ಕರೆ ಕಾಯಿಲೆ ಇದ್ದರೆ ನೆರೆಮನೆಗೆ ಗೊತ್ತಿರುತ್ತದೆ, ಮನೋರೋಗವಾದರೆ ಬಾಗಿಲು ಮುಚ್ಚುತ್ತದೆ, ಮಗಳ ಮದುವೆ ನಿಂತೀತೆಂಬ ಭಯ. ಈ ಬಾಗಿಲು ತಟ್ಟಿದವರು ಪುಣೆಯ ನಿರ್ದೇಶಕ ಜೋಡಿ ಸುಮಿತ್ರಾ ಭಾವೆ ಹಾಗೂ ಸುನೀಲ್ ಸುಕಥನಕರ. 2004ರ ಮರಾಠಿ ಚಿತ್ರ ‘ದೇವರಾಈ’, ಅಂದರೆ ನಮ್ಮ ದೇವರಕಾಡು, ಸ್ಕಿಜೋಫ್ರೇನಿಯಾ ಪೀಡಿತ ಶೇಷನ ಕಥೆ. ಶೇಷನಾದವರು ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿ. ಅವನನ್ನು ನೋಡಿಕೊಳ್ಳುವ ಸೋದರಿಯ ದಣಿವನ್ನೂ ಚಿತ್ರ ಮರೆಮಾಚುವುದಿಲ್ಲ. ಅದೇ ಅದರ ದೊಡ್ಡತನ.

ಖಿನ್ನತೆ ಕುರಿತ ಇವರ ‘ಕಾಸವ್’ಗೆ 2017ರಲ್ಲಿ ಸ್ವರ್ಣಕಮಲ ಘೋಷಣೆಯಾಯಿತು. ಅದರಲ್ಲಿ ನಟಿಸಿ, ನಿರ್ಮಾಣಕ್ಕೂ ನಿಂತ ಡಾ. ಮೋಹನ್ ಆಗಾಶೆ ಸ್ವತಃ ಮನೋವೈದ್ಯರು. ಸುಮಿತ್ರಾ ಭಾವೆ 2021ರಲ್ಲಿ ನಿಧನರಾದರು.

ಸಂಘಗಳು ಒಂದು ಭಾನುವಾರ ‘ದೇವರಾಈ’ ತೋರಿಸಿ, ಬಳಿಕ ವೈದ್ಯರೊಬ್ಬರನ್ನು ಮಾತಿಗೆ ಕರೆಯಬಹುದು. ಮರಾಠಿ ಅರ್ಥವಾಗದ ಪುಣೆ ಕನ್ನಡಿಗರು ಈಗ ಎಷ್ಟಿದ್ದಾರು?