ಮೊದಲ ಸರದಿ ದಿಲ್ಲಿಯದೇ ಇತ್ತು!

ಘಾಜಿಯಾಬಾದ್‌ನಲ್ಲಿ ನಾವು ನಾಲ್ಕು ಜನ ಕನ್ನಡಿಗರು ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ: ದಿಲ್ಲಿಯವರು ಕೊಹ್ಲಿಯನ್ನು ಬಿಟ್ಟುಕೊಟ್ಟದ್ದೇಕೆ?

2008ರ ಮಾರ್ಚ್‌ನಲ್ಲಿ ಅಂಡರ್-19 ವಿಶ್ವಕಪ್ ಗೆದ್ದು ಬಂದ ಹುಡುಗರಿಗೆ ಐಪಿಎಲ್ ಹರಾಜು ನಡೆಸಲಿಲ್ಲ. ಬೆಲೆ ಮೊದಲೇ ನಿಗದಿ. ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳಬೇಕು. ಇದೇ ಡ್ರಾಫ್ಟ್. ಮೊದಲ ಸರದಿ ದಿಲ್ಲಿಯದು. ಊರಿನ ಹುಡುಗ, ಗೆದ್ದ ತಂಡದ ನಾಯಕ, ಕಣ್ಣೆದುರೇ ಇದ್ದ. ಆರಿಸಿದ್ದು ಮಾತ್ರ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು! ಸೆಹವಾಗ್, ಗಂಭೀರ್ ಇದ್ದ ತಂಡಕ್ಕೆ ಬೌಲರ್ ಬೇಕಿತ್ತು. ಬೆಂಗಳೂರಿನ ಅಭಿಮಾನಿಯಾದರೂ ಆ ಲೆಕ್ಕ ತಪ್ಪೆನ್ನಲಾರೆ.

ಕೊಹ್ಲಿ ನಮ್ಮ ಪಾಲಾದರು. ಕಪ್ ಬಂದದ್ದು 2025ರ ಜೂನ್ 3ರಂದು, 18ನೇ ಸೀಸನ್‌ನಲ್ಲಿ. ಪಕ್ಕದ ಮನೆಯ ದಿಲ್ಲಿ ಅಭಿಮಾನಿಗೆ ಮೈಸೂರುಪಾಕ್ ಕೊಟ್ಟೆ. ತಿಂದರು; 2008ರ ಮಾತೆತ್ತಬೇಡಿ ಎಂದರು.